ಸಂದೇಹಕ್ಕೆ ಮೌನ ಉತ್ತರವಲ್ಲ



ಮಲೇಷ್ಯಾದ ಸರವಾಕ್ ರಾಜ್ಯದ ಮಳೆಕಾಡಿನ ಚರಿತ್ರೆಯು ಒಂದು ಕುಟುಂಬದ ಚರಿತ್ರೆಯೂ ಹೌದು. 1970ರಿಂದ 1981ರ ವರೆಗೆ ಅಬ್ದುಲ್ ರಹ್ಮಾನ್ ಯಾಕೂಬ್ ಅಲ್ಲಿನ ಮುಖ್ಯಮಂತ್ರಿಯಾಗಿದ್ದರು. ತರುವಾಯ 2014ರ ವರೆಗೆ ಅವರ ಸೋದರಳಿಯ ಅಬ್ದುಲ್ ತಾಯಿಬ್ ಮಹ್ಮೂದ್. 1987ರಲ್ಲಿ ಮಾವ-ಅಳಿಯಂದಿರು ಮುನಿಸಿಕೊಂಡಾಗ, ಯಾರ ಆಪ್ತರಿಗೆ ಮರ ಕಡಿಯುವ ಪರವಾನಿಗೆ ದೊರೆತಿದೆಯೆಂಬುದನ್ನು ಪರಸ್ಪರ ಬಯಲಿಗೆಳೆದರು. ಜಗಳವಾಗದಿದ್ದರೆ ಆ ಗುಟ್ಟು ಪ್ರಜೆಗಳಿಗೆ ತಿಳಿಯುತ್ತಿತ್ತೇ?

ಅದೇ ವರ್ಷ ಪೆನಾನ್ ಬುಡಕಟ್ಟಿನವರು ಮರ ಸಾಗಿಸುವ ರಸ್ತೆಗಳಿಗೆ ಅಡ್ಡಲಾಗಿ ನಿಂತರು. ವ್ಯಾಪಾರಿಗೆ ದಿಮ್ಮಿಯಾಗಿ ಕಂಡದ್ದು ಅವರಿಗೆ ಅನ್ನವಾಗಿತ್ತು, ಬೇಟೆಯಾಗಿತ್ತು, ತಿಳಿನೀರಾಗಿತ್ತು.

2011ರಲ್ಲಿ ಮಲೇಷ್ಯಾದ ಭ್ರಷ್ಟಾಚಾರ ನಿಗ್ರಹ ಆಯೋಗವು ತಾಯಿಬ್‌ರ ಕುರಿತು ತನಿಖೆ ನಡೆಸುತ್ತಿರುವುದಾಗಿ ತಿಳಿಸಿತು. ಅವರು ಆರೋಪಗಳನ್ನು ನಿರಾಕರಿಸಿದರು. ಅವರ ಮೇಲೆ ಮೊಕದ್ದಮೆ ಹೂಡಲ್ಪಡಲಿಲ್ಲ. 2014ರಲ್ಲಿ ರಾಜ್ಯಪಾಲರಾದ ಅವರು 2024ರ ಫೆಬ್ರವರಿಯಲ್ಲಿ ನಿಧನರಾದರು.

ಸಂದೇಹವು ಅಪರಾಧಕ್ಕೆ ಪುರಾವೆಯಲ್ಲ, ನಿಜ. ಆದರೆ ಪರವಾನಿಗೆ ನೀಡುವವನೂ ಪಡೆಯುವವನೂ ಒಂದೇ ಮನೆಯವರೆಂಬ ಸಂಶಯ ಹುಟ್ಟಿದಾಗ ಲೆಕ್ಕಪತ್ರವನ್ನು ತೆರೆದಿಡುವುದು ಆಳುವವನ ಹೊಣೆ. ಆಳುವವನು ನಮ್ಮವನೆಂಬ ಕಾರಣಕ್ಕೆ ನಾವು ಪ್ರಶ್ನೆಯನ್ನು ನುಂಗಿಕೊಂಡರೆ, ನ್ಯಾಯದ ತಕ್ಕಡಿಯನ್ನು ಓರೆ ಮಾಡಿದವರು ನಾವೇ ಆಗುತ್ತೇವೆ. ಕಾಡು ಅವನ ಪಿತ್ರಾರ್ಜಿತವಲ್ಲ. ಅವನ ಕೈಗೆ ಪ್ರಜೆಗಳು ಒಪ್ಪಿಸಿದ ಅಮಾನತು.