ಚನ್ನಪಟ್ಟಣಕ್ಕೆ ಎರಡು ಒತ್ತು

ಓದು ಕಲಿಯುತ್ತಿರುವ ಮಗುವಿನಿಂದ ರಾಮನಗರದ ಬಸ್ ನಿಲ್ದಾಣದಲ್ಲಿ ಬೋರ್ಡು ಓದಿಸಿ ನೋಡಿ. ಕನಕಪುರಕ್ಕೆ ಒಂದೇ ಕೊಂಬು, ಸಲೀಸು. ಮಾಗಡಿಗೆ ಒಂದು ಇಳಿ, ಒಂದು ಗುಡಿಸು. ಚನ್ನಪಟ್ಟಣ ಬಂದಾಗ ಎರಡೆರಡು ಒತ್ತಕ್ಷರ. ಅಲ್ಲಿ ತಡವರಿಕೆ ಶುರು. ಮಗುವಿನ ಓದಿಗೆ ತಕ್ಕಂತೆ ಹಂತ ಹಂತವಾಗಿ ಬರೆದ ಪುಸ್ತಕಗಳು ನೋಡಿಕೊಳ್ಳಬೇಕಾದದ್ದು ಇದನ್ನೇ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕೆಯ ವಿಧಾನದಲ್ಲಿ ಪಾಠ ಅ, ಆ, ಇ ಎಂದು ಹೊರಡುವುದಿಲ್ಲ. ರ, ಗ, ಸ, ದ, ಅ ಎಂದು ಹೊರಡುತ್ತದೆ. ಐದೇ ಅಕ್ಷರ ಗೊತ್ತಿದ್ದರೂ ಮಗು ಸರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಜಾಣ ಉಪಾಯ!

ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಕಥೆಪುಸ್ತಕಗಳನ್ನು ನಾಲ್ಕು ಹಂತ ಮಾಡಿದೆ. 2015ರಲ್ಲಿ ಶುರುವಾದ ಅದರ ಸ್ಟೋರಿವೀವರ್ ತಾಣದಲ್ಲಿ ಕನ್ನಡದವೂ ಉಚಿತ. ನನ್ನದೊಂದು ತಕರಾರಿದೆ. ಒಂದನೇ ಹಂತದಲ್ಲಿ ಪದ ಕಡಿಮೆ ಇದ್ದ ಮಾತ್ರಕ್ಕೆ ಒತ್ತಕ್ಷರ ಕಡಿಮೆ ಇರಬೇಕೆಂದೇನಿಲ್ಲ. ಕೊಡುವ ಮುನ್ನ ದೊಡ್ಡವರು ಒಂದೆರಡು ಪುಟ ತಿರುವಿ ನೋಡುವುದು ಒಳ್ಳೆಯದು. ಸಾಲುಸಾಲಿಗೂ ಎಡವಿದರೆ ಪುಸ್ತಕ ಬದಲಿಸಿ, ಗದರಬೇಡಿ. ಆನೆಯ ಕಥೆಯೇ ಬೇಕೆಂದು ಮಗು ಮೂರನೇ ಹಂತದ್ದನ್ನು ಎತ್ತಿಕೊಂಡರೆ ಕೊಟ್ಟುಬಿಡಿ. ಕಷ್ಟದ ಸಾಲು ನೀವು ಓದಿ, ಉಳಿದದ್ದನ್ನು ಅದಕ್ಕೆ ಬಿಡಿ.