ದೋಣಿಯ ಬಲ ಜೋಡಣೆಯಲ್ಲಿ

ಬುಕ್ಕಾಂಬುಧಿ ಅಜ್ಜಂಪುರ ಸೀಮೆಯ ಊರು. ಸಮುದ್ರವಿರುವುದು ಘಟ್ಟದಾಚೆ. ಆದರೂ ಊರಿನ ಹೆಸರಿನಲ್ಲೇ 'ಅಂಬುಧಿ' ಇದೆ. ಬಯಲುಸೀಮೆಯವರಿಗೆ ತುಂಬಿದ ಕೆರೆಯೇ ಕಡಲು. ಕೆರೆ ತುಂಬಿದ ವರ್ಷ ಬಲೆ ಬೀಸಲು ನೀರಿಗಿಳಿಯುವವರಿಗೆ ನಂಬಿಕೆಯ ದೋಣಿ ಬೇಕು. ಆ ನಂಬಿಕೆ ನಿಂತಿರುವುದು ಮರದ ಮೇಲಲ್ಲ, ಮರಗಳ ಜೋಡಣೆಯ ಮೇಲೆ. ಇಂದು ಅದರ ಬಗ್ಗೆ ಕೆಲವು ಮಾತು.

ನಮ್ಮ ಒಳನಾಡಿನ ಹಳೆಯ ದೋಣಿ ಹರಿಗೋಲು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಹೊರಗೆ ಚರ್ಮದ ಹೊದಿಕೆ; ಒಂದರಲ್ಲಿ 15–20 ಜನ. ಹರಿಗೋಲಿನಲ್ಲಿ ಬಿದಿರ ದಬ್ಬೆಗಳನ್ನು ಹೆಣೆದಿರುತ್ತಾರೆ, ಅಂಟಿಸಿರುವುದಿಲ್ಲ. ಬಂಡೆಗೆ ತಗುಲಿದರೆ ಹೆಣಿಗೆ ಬಳುಕಿ ಪೆಟ್ಟನ್ನು ಹಂಚಿಕೊಳ್ಳುತ್ತದೆ.

ಮರದ ಪಟ್ಟಿಗಳನ್ನು ಅಂಚಿಗೆ ಅಂಚು ಅಂಟಿಸಿ ಕಟ್ಟುವ ದೋಣಿಯ ಸ್ವಭಾವವೇ ಬೇರೆ. ಅದು ಬಳುಕುವುದಿಲ್ಲ, ಪೆಟ್ಟು ತಾಳದಿದ್ದರೆ ಬಿರಿಯುತ್ತದೆ. ನಾನು ಮೊದಲು ಕಟ್ಟಿದ ದೋಣಿಯಲ್ಲಿ ಪಟ್ಟಿಗಳ ತುದಿಗೆ ತುದಿ ತಾಗಿಸಿ, ಮನೆಯ ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟು ಹಚ್ಚಿದ್ದೆ. ನೋಡಲು ಚೆಂದವಿತ್ತು. ಮೂರನೆಯ ದಿನ ನೀರಿನ ನಡುವೆ ಒಂದು ಕೂಡು ಬಾಯಿಬಿಟ್ಟಿತು. ಜೊತೆಗೆ ಅಣ್ಣನ ಮಗನಿದ್ದ, ಅವನಿಗೆ ಈಜು ಬಾರದು. ದಡ ಹತ್ತಿರವಿದ್ದುದರಿಂದ ಬದುಕಿದೆವು. ತಪ್ಪು ಮರದ್ದಲ್ಲ, ನನ್ನದು.

ಏಕೆ ಹೀಗಾಯಿತು? ಮರದ ಬಲವೆಲ್ಲ ಎಳೆಯ ಉದ್ದಕ್ಕೆ ಇರುತ್ತದೆ. ಅಡ್ಡ ಕೊಯ್ದ ತುದಿಯಲ್ಲಿ ಎಳೆಗಳು ತೆರೆದ ಕೊಳವೆಗಳಂತೆ ಅಂಟನ್ನು ಹೀರಿಬಿಡುತ್ತವೆ. ಆದ್ದರಿಂದ ತುದಿಗೆ ತುದಿ ಅಂಟಿಸಿದ ಕೂಡು ಬಹಳ ದುರ್ಬಲ. ಇದಕ್ಕೆ ಪರಿಹಾರ ಓರೆಜೋಡಣೆ. ಪಟ್ಟಿಯ ದಪ್ಪದ ಎಂಟರಷ್ಟು ಉದ್ದಕ್ಕೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಬೇಕು. 6 ಮಿಲಿಮೀಟರ್ ದಪ್ಪದ ಪಟ್ಟಿಗೆ 48 ಮಿಲಿಮೀಟರ್ ಓರೆ. ಪಟ್ಟಿಯ ಅಗಲ 20 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನೇರ ಕೂಡಿನಲ್ಲಿ ಅಂಟಿಗೆ ಸಿಗುವ ಜಾಗ 120 ಚದರ ಮಿಲಿಮೀಟರ್. ಓರೆಯಲ್ಲಿ ಸುಮಾರು 960. ಅಷ್ಟೇ ಅಲ್ಲ, ಇಲ್ಲಿ ಎಳೆಯ ಮಗ್ಗುಲು ಮಗ್ಗುಲನ್ನು ಹಿಡಿಯುತ್ತದೆ. ಗೋಡೆ ಕಟ್ಟುವಾಗ ಇಟ್ಟಿಗೆಯ ಕೂಡುಗಳನ್ನು ಒಂದೇ ಸಾಲಿಗೆ ತರುವುದಿಲ್ಲವಷ್ಟೆ? ಹಾಗೆಯೇ ಅಕ್ಕಪಕ್ಕದ ಪಟ್ಟಿಗಳ ಕೂಡುಗಳೂ ಒಂದೇ ಗೆರೆಗೆ ಬರಬಾರದು.

ಅಂಟಿನ ವಿಚಾರ. ಬಿಳಿ ಅಂಟು ನೀರಿನಲ್ಲಿ ಮೆತ್ತಗಾಗುತ್ತದೆ. ದೋಣಿಗೆ ಎಪಾಕ್ಸಿಯಂಥ ಅಂಟೇ ಬೇಕು. ಮರ ಚೆನ್ನಾಗಿ ಒಣಗಿರಲಿ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಹತ್ತರಿ ಹೊಡೆದ ದಿನವೇ ಒರೆಸಿ ಅಂಟಿಸಬೇಕು. ಬಿಗಿ ಹೆಚ್ಚಾದಷ್ಟೂ ಒಳ್ಳೆಯದೆಂದು ಎಪಾಕ್ಸಿಯನ್ನು ಹಿಂಡಿ ಹೊರಹಾಕಬೇಡಿ, ಕೂಡು ಬರಿದಾಗುತ್ತದೆ. ದೋಣಿಗೆ ಹಲಗೆಯ ಬದಲು ಪ್ಲೈವುಡ್ ಕೊಳ್ಳುವವರು ಐಎಸ್ 710 ಗುರುತು ನೋಡಿ ಕೊಳ್ಳಿ. ಅದರ ಅಂಟನ್ನು ಪರೀಕ್ಷಿಸಲು ತುಂಡನ್ನು 72 ಗಂಟೆ ಕುದಿಸುತ್ತಾರೆ.

ಇನ್ನೊಂದು ಮುಖ್ಯ ಮಾತು. ಪಟ್ಟಿಗಳ ನಡುವಿನ ಅಂಟು ಮಾತ್ರವೇ ದೋಣಿಯನ್ನು ಹಿಡಿದಿಡಲಾರದು. ಎಳೆಗೆ ಅಡ್ಡಲಾಗಿ ಪೆಟ್ಟು ಬಿದ್ದರೆ ಮರವೇ ಸೀಳುತ್ತದೆ. ಆದ್ದರಿಂದ ಗಾಜಿನೆಳೆಯ ಬಟ್ಟೆಯನ್ನು ಎಪಾಕ್ಸಿಯಲ್ಲಿ ತೋಯಿಸಿ ಹೊದಿಸುತ್ತಾರೆ. ಖರ್ಚು ಉಳಿಸಲು ಹೊರಗೆ ಮಾತ್ರ ಹೊದಿಸುವವರಿದ್ದಾರೆ. ಹೊರಗಿನ ಪೆಟ್ಟಿಗೆ ದೋಣಿಯ ಒಳಮೈ ಹಿಗ್ಗುತ್ತದೆ, ಸೀಳು ಶುರುವಾಗುವುದು ಅಲ್ಲಿಂದಲೇ. ಒಳಗಿನ ಬಟ್ಟೆಯನ್ನು ಬಿಡಬೇಡಿ.

ಕಡೆಯದಾಗಿ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ದೋಣಿಗೆ ಬಳಸುವ ಮರದಲ್ಲಿ, ಅದೇ ಅಂಟಿನಲ್ಲಿ, ಅದೇ ಕೈಯಿಂದ ನಾಲ್ಕು ಕೂಡು ಮಾಡಿ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಎರಡನ್ನು ಒಂದು ವಾರ ನೀರಿನಲ್ಲಿ ನೆನೆಹಾಕಿ. ಬಳಿಕ ನಾಲ್ಕನ್ನೂ ಮುರಿಯಿರಿ. ಮರದ ಎಳೆ ಕಿತ್ತು ಬಂದರೆ ಅಂಟು ಮರಕ್ಕಿಂತ ಗಟ್ಟಿ. ನುಣುಪಾಗಿ ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡರೆ ಆ ದೋಣಿ ಕೆರೆಗಿಳಿಯಬಾರದು.

ಮುರಿಯುವುದಿದ್ದರೆ ಅಂಗಳದಲ್ಲಿ ಮುರಿಯಲಿ. ಹಾಳಾಗುವುದು ನಾಲ್ಕು ತುಂಡು ಮರವಷ್ಟೆ.