ನಾವು ಕೂತು ಉಂಡ ಬಂಡೆ



ಎಂಟನೇ ತರಗತಿಯಲ್ಲಿ ನಮ್ಮ ಮೇಷ್ಟ್ರು, "ರೂಪಾಂತರ ಶಿಲೆಗೆ ಉದಾಹರಣೆ ಕೊಡು" ಎಂದಾಗ ನಾನು "ಅಮೃತಶಿಲೆ" ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ಆದರೆ ಅಮೃತಶಿಲೆಯನ್ನು ನಾನು ಕಣ್ಣಿಂದ ಕಂಡಿರಲಿಲ್ಲ. ಶಾಲೆಯ ಹಿಂದೆ ನಾವು ಬುತ್ತಿ ಬಿಚ್ಚುತ್ತಿದ್ದ ಬಂಡೆಯೂ ರೂಪಾಂತರ ಶಿಲೆಯೇ ಎಂದು ತಿಳಿದದ್ದು ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ.

ಈ ಕಲ್ಲಿನ ಹೆಸರು ನೈಸ್. ಹತ್ತಿರ ಹೋಗಿ ನೋಡಿ, ಬಿಳಿ ಕಪ್ಪು ಪಟ್ಟೆಗಳಿವೆ. ಬಿಳಿಯದು ಬೆಣಚುಕಲ್ಲು, ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಮಿನುಗುವುದು ನಾವು ಕಾಗೆಬಂಗಾರ ಎನ್ನುವ ಅಭ್ರಕ. ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ, ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹಳೆಯ ಕಲ್ಲಿನ ಖನಿಜಗಳು ಬದಲಾಗಿ ಹೀಗೆ ಸಾಲುಗಟ್ಟಿದವು. ಮೇಲಿದ್ದ ನೆಲವೆಲ್ಲ ಸವೆದುಹೋದ ಮೇಲೆ ಬಂಡೆ ಹೊರಗೆ ಕಂಡಿತು.

ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ತಳಪಾಯ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇದನ್ನು 'ಪೆನಿನ್ಸುಲಾರ್ ನೈಸ್' ಎಂದು ಕರೆದರು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ವಯಸ್ಸೇ ಸುಮಾರು 450 ಕೋಟಿ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದ್ದಾರೆ. ನಮ್ಮ ಬಂಡೆಗೆ ಫಲಕವಿಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮಪ್ಪ ಕಲ್ಲು ಒಡೆಯುತ್ತಿದ್ದರು. ನಾಚಿಕೆಯಿಂದ ನಾನು ಶಾಲೆಯ ಅರ್ಜಿಯಲ್ಲಿ 'ವ್ಯವಸಾಯ' ಎಂದು ಬರೆದಿದ್ದೆ. ಅಪ್ಪ ಪಟ್ಟೆ ನೋಡಿಯೇ ಉಳಿ ಇಡುತ್ತಿದ್ದರು. "ಕಲ್ಲಿಗೂ ಎಳೆ ಐತೆ ಕಣ್ಲಾ, ಎಳೆ ನೋಡಿ ಹೊಡೆದ್ರೆ ತಾನೇ ಬಾಯಿ ಬಿಡ್ತದೆ" ಎನ್ನುತ್ತಿದ್ದರು. ಕಾಲೇಜಿನಲ್ಲಿ ಪಟ್ಟೆಯ ದಿಕ್ಕು ಅಳೆಯಲು ಕೈಗೆ ದಿಕ್ಸೂಚಿ ಕೊಟ್ಟ ದಿನ, ಇದು ಅಪ್ಪನಿಗೆ ಗೊತ್ತಿದ್ದ ವಿದ್ಯೆಯೇ ಅಲ್ಲವೇ ಅನ್ನಿಸಿ ಕಣ್ಣು ತುಂಬಿತು. ಈ ಶಾಲೆಯ ಬುನಾದಿಯಲ್ಲೂ ಅವರು ಸೀಳಿದ ಕಲ್ಲಿದೆ.

ಆ ಕೂಲಿಯಲ್ಲಿ ಓದಿದವನು ನಾನು. ಕಲ್ಲು ಒಡೆಯಬೇಡಿ ಎನ್ನಲಾರೆ. ಆದರೆ ಬಂಡೆಯ ಅರ್ಧ ಈಗಾಗಲೇ ಜಲ್ಲಿಯಾಗಿ ಹೋಗಿದೆ. ಶಾಲೆಯ ಬೆನ್ನಿಗಿರುವ ಅಷ್ಟನ್ನಾದರೂ ಉಳಿಸಿಕೊಡಿ. 50 ವರ್ಷದ ಶಾಲೆಗೆ ನಾವು ಹಬ್ಬ ಮಾಡುತ್ತಿದ್ದೇವೆ. ಒಮ್ಮೆ ಜಲ್ಲಿಯಾದ ಬಂಡೆಯನ್ನು ಯಾರೂ ಮತ್ತೆ ಕಟ್ಟಲಾರರು. ಮೇಷ್ಟ್ರುಗಳಲ್ಲೂ ಒಂದು ಬಿನ್ನಹ: ಆ ಪಾಠವನ್ನು ಬಂಡೆಯ ಮೇಲೆ ಕೂತು ಮಾಡಿ. ಮುಂದಿನ ಮಗು ಉದಾಹರಣೆ ಕೇಳಿದಾಗ ಕಿಟಕಿಯತ್ತ ಕೈ ತೋರಿಸಲಿ.